ಚಿತ್ರದಲ್ಲಿ ಗಾಳಿ ಎಲ್ಲಿದೆ?

ಯಲಹಂಕದ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆದ ವಾರ ಬೆಂಗಳೂರಿನವರ ಮೊಬೈಲುಗಳಲ್ಲೆಲ್ಲ ವಿಮಾನಗಳೇ. ಹೆಚ್ಚಿನವು ನೀಲಿ ಆಕಾಶದಲ್ಲಿ ಕರಿ ಚುಕ್ಕೆ. ಉಳಿದವು ಚೊಕ್ಕವಾಗಿಯೇ ಬಂದಿರುತ್ತವೆ, ಆದರೂ ಬೆರಳು ಸರಸರನೆ ಮುಂದಕ್ಕೆ ಸರಿಸಿಬಿಡುತ್ತದೆ. ಅಪರೂಪಕ್ಕೆ ಯಾವುದೋ ಒಂದರ ಮೇಲೆ ಕಣ್ಣು ನಿಲ್ಲುತ್ತದೆ. ಯಾಕೆ ನಿಂತಿತು ಎಂದು ಕೇಳಿಕೊಂಡರೆ ಈ ಹವ್ಯಾಸದ ರುಚಿ ಹತ್ತತೊಡಗುತ್ತದೆ. ನನ್ನ ಮಟ್ಟಿಗೆ ಉತ್ತರ ಇಷ್ಟೇ: ಒಳ್ಳೆಯ ಚಿತ್ರದಲ್ಲಿ ವಿಮಾನದ ಜೊತೆ ಗಾಳಿಯೂ ಕಾಣುತ್ತದೆ.

ಮೊದಲು ಪ್ರೊಪೆಲ್ಲರ್ ನೋಡಿ. ನಮ್ಮ ವಾಯುಸೇನೆ ಹಳೆಯ ಡಕೋಟಾ ಒಂದನ್ನು ‘ಪರಶುರಾಮ’ ಎಂಬ ಹೆಸರಿನಲ್ಲಿ ಉಳಿಸಿಕೊಂಡಿದೆ. 1947ರ ಅಕ್ಟೋಬರಿನಲ್ಲಿ ಸೈನಿಕರನ್ನು ಶ್ರೀನಗರಕ್ಕೆ ಇಳಿಸಿದ್ದು ಇದೇ ಮಾದರಿ. ಅದು ಹಾರುತ್ತಿರುವ ಚಿತ್ರದಲ್ಲಿ ಪ್ರೊಪೆಲ್ಲರಿನ ಮೂರು ಅಲಗುಗಳೂ ಎಣಿಸುವಷ್ಟು ಸ್ಪಷ್ಟವಾಗಿ ನಿಂತುಬಿಟ್ಟಿದ್ದರೆ, ದಾರಕ್ಕೆ ತೂಗುಹಾಕಿದ ಆಟಿಕೆಯ ಹಾಗಿರುತ್ತದೆ. ಶಟರನ್ನು ಸೆಕೆಂಡಿನ 1/1000ಕ್ಕೆ ಇಟ್ಟರೆ ಆಗುವುದೇ ಹೀಗೆ. 1/125ರ ಸುತ್ತಮುತ್ತ ಇಳಿಸಿದರೆ ಅಲಗುಗಳು ಮಸುಕಾಗಿ, ಎಂಜಿನ್ ತಿರುಗುತ್ತಿದೆ ಎಂದು ಕಣ್ಣಿಗೆ ಗೊತ್ತಾಗುತ್ತದೆ. ಆದರೆ ಅಷ್ಟು ನಿಧಾನಕ್ಕೆ ಹೋದರೆ ವಿಮಾನವೂ ಮಸುಕಾದೀತು. ಅದಕ್ಕೇ ಫೋಟೋಗ್ರಾಫರ್ ವಿಮಾನದ ವೇಗಕ್ಕೆ ಸರಿಯಾಗಿ ಸೊಂಟದಿಂದ ಮೇಲೆ ತಿರುಗುತ್ತ, ನಿಲ್ಲಿಸದೆ ಕ್ಲಿಕ್ಕಿಸಬೇಕು. ಪ್ಯಾನಿಂಗ್ ಅನ್ನುವುದು ಇದಕ್ಕೆ. ಹೆಲಿಕಾಪ್ಟರಿನ ದೊಡ್ಡ ರೋಟರ್ ಇನ್ನೂ ನಿಧಾನ, 1/60ರವರೆಗೂ ಇಳಿಯಬೇಕಾಗುತ್ತದೆ. ಸಾರಂಗ್ ತಂಡದ ಧ್ರುವ್‌ಗಳೆಲ್ಲ ಒಂದೇ ಚೌಕಟ್ಟಿನಲ್ಲಿ ಸ್ಪಷ್ಟವಾಗಿದ್ದು, ರೋಟರುಗಳು ಮಾತ್ರ ಕರಗಿದ್ದರೆ, ಆ ಕೈಗೆ ಒಂದು ನಮಸ್ಕಾರ ಹೇಳಿ.

ಜೆಟ್‌ಗಳಿಗೆ ಈ ಅನುಕೂಲವಿಲ್ಲ. ತೇಜಸ್ ಗಕ್ಕನೆ ತಿರುಗುವಾಗ ರೆಕ್ಕೆಯ ಮೇಲೆ ಒತ್ತಡ ಕುಸಿದು, ಗಾಳಿ ತಣ್ಣಗಾಗಿ, ಅದರೊಳಗಿನ ನೀರಾವಿ ಬೆಳ್ಳಗೆ ಹೆಪ್ಪುಗಟ್ಟಿದಂತೆ ಕಾಣುವುದುಂಟು. ಕರಾವಳಿಯ ತೇವದ ಹವೆಯಲ್ಲಿ ಇದು ಸುಲಭ. ಏರೋ ಇಂಡಿಯಾ ಬರುವ ಫೆಬ್ರುವರಿಯಲ್ಲಿ ಬೆಂಗಳೂರು ಒಣಗಿರುತ್ತದೆ, ಹಾಗಾಗಿ ಸಿಕ್ಕಿದರೆ ಅದೃಷ್ಟ. ಬೀದರಿನ ಸೂರ್ಯಕಿರಣ ತಂಡದ ಒಂಬತ್ತು ಹಾಕ್‌ಗಳಿಗೆ ಹೊಗೆ ಇದೆ. ಹೊಗೆಯ ಬಣ್ಣಕ್ಕಿಂತ ವಿಮಾನಗಳ ನಡುವಿನ ಅಂತರ ನೋಡಿ.

ಗಾಳಿಯನ್ನು ಓದಲು ಕಲಿಯಬೇಕಾದದ್ದು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ. ಅಲ್ಲಿನ ಎರಡೂ ರನ್‌ವೇಗಳು ಪೂರ್ವ-ಪಶ್ಚಿಮವಾಗಿವೆ. ವಿಮಾನ ಇಳಿಯುವುದು ಗಾಳಿಗೆ ಎದುರಾಗಿ. ಮುಂಗಾರಿನ ಪಡುವಣ ಗಾಳಿಯಲ್ಲಿ ಅವು ಪೂರ್ವದಿಂದ ಬರುತ್ತವೆ, ಚಳಿಗಾಲದಲ್ಲಿ ಮೂಡಣ ಗಾಳಿ ಬೀಸಿದಾಗ ಪಶ್ಚಿಮದಿಂದ. ಬೆಳಕೂ ಜಾಗ ಬದಲಿಸುತ್ತದೆ. ಬೆಂಗಳೂರು ಸಮಭಾಜಕದಿಂದ 13 ಡಿಗ್ರಿಯಷ್ಟೇ ಉತ್ತರಕ್ಕಿರುವುದರಿಂದ, ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ. ಮಧ್ಯಾಹ್ನ ಹೇಗೂ ಬೇಡ ಅನ್ನಿ. ವಿಮಾನದ ಬೆನ್ನು ಬೆಳ್ಳಗೆ ಸುಟ್ಟು ಹೊಟ್ಟೆ ಕಪ್ಪಾಗುತ್ತದೆ, ಜೊತೆಗೆ ಝಳ. ಡಾಂಬರು ಕಾದು ಮೇಲೇಳುವ ಗಾಳಿ ಕಿಟಕಿಗಳ ಸಾಲನ್ನೇ ಅಲುಗಿಸಿಬಿಡುತ್ತದೆ. ದೂರದಿಂದ ಉದ್ದ ಲೆನ್ಸಿನಲ್ಲಿ ತೆಗೆದಷ್ಟೂ ಇದು ಹೆಚ್ಚು ಕಾಣುತ್ತದೆ. ಲಕ್ಷಗಟ್ಟಲೆ ಸುರಿದರೂ ಇದಕ್ಕೆ ಮದ್ದಿಲ್ಲ, ಬೆಳಿಗ್ಗೆ ಬೇಗ ಏಳುವುದೊಂದೇ ದಾರಿ.

ಇಷ್ಟೆಲ್ಲ ಹೇಳಿದ ಮೇಲೂ ಸಪ್ಪೆ ಚಿತ್ರಗಳ ಪರವಾಗಿ ಒಂದು ಮಾತು ಆಡಬೇಕು. ಮೂಗಿನಿಂದ ಬಾಲದವರೆಗೆ ಪಕ್ಕದ ನೋಟ, ವಿಟಿ ಎಂದು ಶುರುವಾಗುವ ನೋಂದಣಿ ಅಕ್ಷರಗಳು ಓದುವಂತೆ, ಅಷ್ಟೇ. ಕಲೆಯ ಗೀಳಿನವರು ಇದನ್ನು ಕಂಡು ಮೂಗು ಮುರಿಯುತ್ತಾರೆ. ಆದರೆ ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯನನ್ನು ಗುರುತಾಗಿಟ್ಟುಕೊಂಡಿದ್ದ ಏರ್ ಡೆಕ್ಕನ್ ಈಗ ಹಾರುವುದಿಲ್ಲ. ಕಿಂಗ್‌ಫಿಷರಿನ ಕೆಂಪು 2012ರಲ್ಲೇ ನಿಂತುಹೋಯಿತು. 2024ರ ನವೆಂಬರಿನಲ್ಲಿ ವಿಸ್ತಾರಾ ಏರ್ ಇಂಡಿಯಾದೊಳಗೆ ಸೇರಿತು. ಆ ಬಣ್ಣಗಳನ್ನು ಈಗ ನೋಡಬೇಕೆಂದರೆ, ಯಾರೋ ಪುಣ್ಯಾತ್ಮರು ಬೇಲಿಯಾಚೆ ನಿಂತು ತೆಗೆದ ಇಂಥ ಚಿತ್ರಗಳೇ ಗತಿ.

ಬೇಲಿಯ ಮಾತು ಬಂದಿದ್ದರಿಂದ: ಸೇನೆಯ ನೆಲೆಯ ಕಡೆಗೆ ಅನುಮತಿಯಿಲ್ಲದೆ ಲೆನ್ಸ್ ತಿರುಗಿಸಬೇಡಿ. 2001ರಲ್ಲಿ ಗ್ರೀಸಿನ ಕಲಮಾಟಾದಲ್ಲಿ ಬ್ರಿಟಿಷ್ ಮತ್ತು ಡಚ್ ಹವ್ಯಾಸಿಗಳನ್ನು ಗೂಢಚಾರರೆಂದು ಹಿಡಿದು ಒಳಗೆ ಹಾಕಿದರು. ಶಿಕ್ಷೆಯೂ ಆಗಿ, ಮರುವರ್ಷ ಮೇಲ್ಮನವಿಯಲ್ಲಿ ಖುಲಾಸೆಯಾಯಿತು. ವಿಮಾನದ ನಂಬರನ್ನು ಸುಮ್ಮನೆ ಖುಷಿಗೆ ಬರೆದುಕೊಳ್ಳುತ್ತಾರೆಂದು ಪೊಲೀಸರನ್ನು ಒಪ್ಪಿಸುವುದು ಎಲ್ಲ ದೇಶದಲ್ಲೂ ಕಷ್ಟ.

ಕೈ ಪಳಗಿಸಿಕೊಳ್ಳಲು ಎಟಿಆರ್ 72 ಹಿಡಿಯಿರಿ. ಜೆಟ್‌ಗಳಿಗಿಂತ ನಿಧಾನ, ಸಣ್ಣ ಊರುಗಳಿಗೂ ಬರುತ್ತದೆ. ಒಂದೊಂದು ಪ್ರೊಪೆಲ್ಲರಿಗೂ ಆರು ಅಲಗು ಇರುವುದರಿಂದ 1/125ರಲ್ಲೇ ವೃತ್ತ ಹೆಚ್ಚುಕಡಿಮೆ ತುಂಬಿಕೊಳ್ಳುತ್ತದೆ. ಮೊದಮೊದಲು ಹತ್ತರಲ್ಲಿ ಒಂಬತ್ತು ಕೆಡುತ್ತವೆ, ಅಳಿಸಿಹಾಕಿ.