ಹದಿನೈದಕ್ಕೆ ಮೊದಲ ಪರೀಕ್ಷೆ

2024ರಲ್ಲಿ ನನ್ನ ಝೆನ್ ಕಾರಿಗೆ ಇಪ್ಪತ್ತು ತುಂಬಿತು. ಆರ್‌ಸಿಯನ್ನು ಎರಡನೇ ಸಲ ನವೀಕರಿಸಬೇಕಿತ್ತು. ಬೆಳಿಗ್ಗೆ ಆರ್‌ಟಿಒ ಆವರಣದ ಸಾಲಿನಲ್ಲಿ ನಿಂತಾಗ ನನ್ನ ಮುಂದೊಂದು ಬಿಳಿ ಕಾರಿತ್ತು. 2009ರ ಮಾಡೆಲ್, ಒಬ್ಬರೇ ಮಾಲೀಕರು, ಓಡಿದ್ದು ಬರೀ ನಲವತ್ತೊಂದು ಸಾವಿರ ಕಿಲೋಮೀಟರ್. ಹಿಂದಿನ ದಿನವಷ್ಟೇ ಪಾಲಿಶ್ ಹಾಕಿಸಿದ್ದರು, ಮೈ ಫಳಫಳ ಹೊಳೆಯುತ್ತಿತ್ತು. ಬ್ರೇಕ್ ಇನ್‌ಸ್ಪೆಕ್ಟರ್ ಬಂದು ಬಾನೆಟ್ ಎತ್ತಿಸಿದರು. ಮೋಟಾರು ವಾಹನ ನಿರೀಕ್ಷಕರನ್ನು ನಮ್ಮ ಜನ ಇವತ್ತಿಗೂ ಕರೆಯುವುದು ಹಾಗೆಯೇ. ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬೇಕು. ಹದಿನೇಳು ಅಕ್ಷರ ಅಂಕಿಗಳಲ್ಲಿ ಕಾಗದಕ್ಕೆ ಬಂದದ್ದು ಹನ್ನೊಂದು. ಮಿಕ್ಕಿದ್ದನ್ನು ತುಕ್ಕು ತಿಂದಿತ್ತು. ಹ್ಯಾಂಡ್‌ಬ್ರೇಕ್ ಕೊನೆಯ ಹಲ್ಲಿನವರೆಗೆ ಎಳೆದರೂ ಗಾಡಿ ಜಾರುತ್ತಿತ್ತು. "ಸರಿ ಮಾಡಿಸ್ಕೊಂಡು ಬನ್ನಿ ಸಾರ್" ಎಂದು ಕಾಗದ ವಾಪಸ್ ಬಂತು.

ಪಕ್ಕದ ಸಾಲಿನಲ್ಲಿ ಹಳದಿ ಬೋರ್ಡಿನ ಎಟಿಯೋಸ್. 2014ರದ್ದು. ಮೀಟರಿನಲ್ಲಿ ನಾಲ್ಕು ಲಕ್ಷಕ್ಕೆ ಹತ್ತಿರ. ಬಂಪರಿನ ತುಂಬ ಗೀರು, ಬಾಗಿಲಲ್ಲಿ ಒಂದು ತಗ್ಗು. ಇಪ್ಪತ್ತು ನಿಮಿಷದಲ್ಲಿ ಪಾಸಾಗಿ ಗೇಟು ದಾಟಿತು.

ಹಳೆ ಕಾರು ಕೊಳ್ಳುವವರು ನನಗೆ ಪತ್ರ ಬರೆದಾಗಲೆಲ್ಲ ಮೊದಲು ಕೇಳುವುದು ಎರಡೇ ಪ್ರಶ್ನೆ: ಯಾವ ಮಾಡೆಲ್ ಇಸವಿ, ಎಷ್ಟು ಓಡಿದೆ. ಅಂದು ಕಂಡ ಎರಡು ಗಾಡಿಗಳಿಗೆ ಈ ಪ್ರಶ್ನೆ ಹಾಕಿದ್ದರೆ ಬಿಳಿ ಕಾರೇ ಗೆಲ್ಲುತ್ತಿತ್ತು. ಟ್ಯಾಕ್ಸಿ ಗೆದ್ದದ್ದು ವರ್ಷಕ್ಕೊಮ್ಮೆ ಯಾರಾದರೂ ಅದರ ಅಡಿಗೆ ಬಗ್ಗಿ ನೋಡಿದ್ದರಿಂದ. ಬಿಳಿ ಕಾರಿನ ಅಡಿಯನ್ನು ಹದಿನೈದು ವರ್ಷ ಯಾರೂ ನೋಡಿರಲಿಲ್ಲ.

ನಮ್ಮ ಕಾನೂನಿನ ಲೆಕ್ಕವೇ ಹಾಗಿದೆ. 1988ರ ಮೋಟಾರು ವಾಹನ ಕಾಯ್ದೆಯಂತೆ ಸ್ವಂತ ಬಳಕೆಯ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ. ಆಮೇಲೆ ಗಾಡಿಯನ್ನು ತೋರಿಸಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಣ. ಹಳದಿ ಬೋರ್ಡಿಗೆ ಬೇರೆ ನಿಯಮ: ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಎಂಟು ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ. ಮನೆ ಕಾರಿಗೆ ಅಲ್ಲಿಯತನಕ ಇರುವ ಒಂದೇ ನಿಯಮಿತ ಪರೀಕ್ಷೆ ಎಮಿಷನ್ ಟೆಸ್ಟ್. ಅದು ಹೊಗೆಯನ್ನು ನೋಡುತ್ತದೆ; ಬ್ರೇಕು, ಸ್ಟೀರಿಂಗು, ತಳದ ತಗಡು ಅದರ ಕಣ್ಣಿಗೆ ಬೀಳುವುದಿಲ್ಲ.

ವಾರ್ಷಿಕ ತಪಾಸಣೆಯನ್ನು ಎಲ್ಲ ಕಾರಿಗೂ ಕಟ್ಟುನಿಟ್ಟಾಗಿ ನಡೆಸುವ ದೇಶಗಳಲ್ಲಿ ಬ್ರಿಟನ್ ಮುಖ್ಯ. ಅಲ್ಲಿ ಅದಕ್ಕೆ ಎಂಒಟಿ ಎನ್ನುತ್ತಾರೆ. 1960ರಲ್ಲಿ ಶುರುವಾದಾಗ ಹತ್ತು ವರ್ಷ ತುಂಬಿದ ಗಾಡಿಗಳಿಗೆ ಮಾತ್ರ ಇತ್ತು. 1967ರ ಹೊತ್ತಿಗೆ ಮೂರು ವರ್ಷ ತುಂಬಿದ ಪ್ರತಿ ಕಾರಿಗೂ ವರ್ಷಕ್ಕೊಮ್ಮೆ ಕಡ್ಡಾಯವಾಯಿತು. 2018ರಿಂದ ದೋಷಗಳನ್ನು ಅಪಾಯಕಾರಿ, ಗಂಭೀರ, ಸಣ್ಣದು ಎಂದು ವಿಂಗಡಿಸಿ ಬರೆಯುತ್ತಾರೆ. ಜೊತೆಗೆ "ಸದ್ಯಕ್ಕೆ ಪಾಸು, ಆದರೆ ಇದರ ಮೇಲೆ ಕಣ್ಣಿಡಿ" ಎಂಬ ಸೂಚನೆಗಳ ಪಟ್ಟಿಯೂ ಇರುತ್ತದೆ. ಇದೆಲ್ಲವನ್ನೂ ನಂಬರ್ ಪ್ಲೇಟಿನ ಅಂಕಿ ಹಾಕಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಓದಲು, ಕೆಲಸಕ್ಕೆ ಅಲ್ಲಿಗೆ ಹೋದ ನಮ್ಮ ಹುಡುಗರು ಹತ್ತು ವರ್ಷದ ಕಾರು ಕೊಳ್ಳುವ ಮೊದಲು ಈ ಚರಿತ್ರೆಯನ್ನು ಓದಿಕೊಳ್ಳುತ್ತಾರೆ. ಒಂದು ಸಲ ಫೇಲಾಗಿ ಮರುದಿನವೇ ರಿಪೇರಿಯಾಗಿ ಪಾಸಾದ ಕಾರಿಗೆ ನಾನು ಹೆದರುವುದಿಲ್ಲ. "ಹಿಂದಿನ ಬ್ರೇಕ್ ಪೈಪಿಗೆ ತುಕ್ಕು" ಎಂಬ ಸೂಚನೆ ಮೂರು ವರ್ಷ ಒಂದೇ ಸಮನೆ ಬಂದಿದ್ದರೆ ಮಾತ್ರ ಆ ಕಾರು ಬೇಡ. ಅದು ತುಕ್ಕಿನ ಜೊತೆಗೆ ಮಾಲೀಕನ ಸ್ವಭಾವವನ್ನೂ ಹೇಳುತ್ತದೆ.

ನಮ್ಮಲ್ಲಿ ಅಂಥ ಚರಿತ್ರೆ ಇಲ್ಲ. ಹಾಗಾಗಿ ಗಾಡಿಯ ಮೈಯಲ್ಲೇ ಅದನ್ನು ಓದಬೇಕು. ಇಪ್ಪತ್ತು ವರ್ಷದಿಂದ ಹಳೆ ಕಾರುಗಳ ಅಡಿಗೆ ಚಾಪೆ ಹಾಸಿ ಮಲಗಿ ನಾನು ಕಲಿತದ್ದು ಇಷ್ಟು: ಕರ್ನಾಟಕದ ಕಾರು ಯಾವ ಸೀಮೆಯಲ್ಲಿ ಬಾಳಿದೆ ಎಂದು ಗೊತ್ತಾದರೆ ಅದು ಎಲ್ಲಿ ಫೇಲಾಗುತ್ತದೆ ಎಂದು ಮುಕ್ಕಾಲು ಪಾಲು ಹೇಳಿಬಿಡಬಹುದು.

ಕರಾವಳಿಯ ಕಾರು ಒಳಗಿನಿಂದ ಹೊರಕ್ಕೆ ಕೊಳೆಯುತ್ತದೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿ ಬಾಗಿಲ ಕೆಳಗಿನ ಟೊಳ್ಳು ಪೆಟ್ಟಿಗೆಯೊಳಗೆ ಹೊಕ್ಕು ಕೂರುತ್ತದೆ. ನೀರು ಇಳಿದುಹೋಗಲು ಕಂಪನಿ ಕೊಟ್ಟ ತೂತು ಕೆಸರಿನಿಂದ ಮುಚ್ಚಿದ್ದರೆ ಆ ಪೆಟ್ಟಿಗೆ ವರ್ಷವಿಡೀ ಒದ್ದೆ. ಹೊರಗಿನ ಬಣ್ಣದಲ್ಲಿ ಕಡಲೆಕಾಳಿನಷ್ಟು ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಅಂಗೈಯಗಲ ತಗಡು ಹೋಗಿರುತ್ತದೆ. ಮಾರುವವರು ಅಲ್ಲಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆಸುತ್ತಾರೆ. ಫ್ರಿಜ್ಜಿಗೆ ಅಂಟಿಸುವ ಚಿಕ್ಕ ಅಯಸ್ಕಾಂತ ಸಾಕು. ಪುಟ್ಟಿಯ ಮೇಲೆ ಅದು ಹಿಡಿಯುವುದಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿದರೆ ತಗಡು ಕಣಕಣ ಎನ್ನುತ್ತದೆ, ಪುಟ್ಟಿ ಮಂಕಾಗಿ ನುಡಿಯುತ್ತದೆ. ಕರಾವಳಿ ಕಾರಿನಲ್ಲಿ ಚಾಸಿಸ್ ನಂಬರಿನ ಸುತ್ತ, ಬ್ಯಾಟರಿ ಕೂರುವ ತಟ್ಟೆಯ ಕೆಳಗೆ, ಮುಂದಿನ ಶಾಕ್ ಅಬ್ಸಾರ್ಬರ್ ತಲೆ ಕೂರುವ ಜಾಗದಲ್ಲಿ ಕಡ್ಡಾಯವಾಗಿ ನೋಡಿ. ಶಾಕ್ ಅಬ್ಸಾರ್ಬರಿನ ಗೂಡಿಗೆ ತುಕ್ಕು ಬಿದ್ದ ಕಾರನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ನಾನು ಮುಟ್ಟುವುದಿಲ್ಲ.

ಮಲೆನಾಡಿನ ಕಾರಿನ ಕಾಯಿಲೆ ನೆಲದಲ್ಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಒದ್ದೆ ಚಪ್ಪಲಿ, ಒದ್ದೆ ಕೊಡೆ ಎಲ್ಲ ಕಾರ್ಪೆಟ್ಟಿನ ಮೇಲೆ. ಕಾರ್ಪೆಟ್ಟಿನಡಿಯ ನಾರು ನೀರು ಹೀರಿಕೊಂಡು ತಿಂಗಳುಗಟ್ಟಲೆ ಆರುವುದಿಲ್ಲ. ಕಾರಿನೊಳಗೆ ಮುಗ್ಗುಲು ವಾಸನೆ ಬಂದರೆ ಸುಗಂಧದ ಡಬ್ಬಿ ತೂಗುಹಾಕಬೇಡಿ, ಕಾರ್ಪೆಟ್ ಎತ್ತಿ ಹೆಬ್ಬೆರಳಿನಿಂದ ನೆಲ ಒತ್ತಿ ನೋಡಿ. ಘಾಟಿಯ ಇಳಿಜಾರಿನಲ್ಲಿ ಬ್ರೇಕ್ ಪ್ಯಾಡ್ ಬೇಗ ಸವೆಯುತ್ತದೆ, ಎಸ್ಟೇಟಿನ ಕಲ್ಲುದಾರಿಯಲ್ಲಿ ಲೋವರ್ ಆರ್ಮಿನ ಬುಷ್, ಬಾಲ್ ಜಾಯಿಂಟ್ ಸಡಿಲವಾಗುತ್ತವೆ. ಆದರೆ ಮಲೆನಾಡಿಗರು ಇವನ್ನು ಕಾಲಕಾಲಕ್ಕೆ ಬದಲಿಸುತ್ತಾರೆ. ಆ ದಾರಿಯಲ್ಲಿ ಬದಲಿಸದೆ ಓಡಿಸಲಾಗುವುದಿಲ್ಲ.

ಬಯಲುಸೀಮೆಯ ಕಾರಿಗೆ ತಗಡಿನ ಚಿಂತೆ ಕಡಿಮೆ. ಕಲಬುರಗಿ, ರಾಯಚೂರು, ಬಳ್ಳಾರಿಯ ಬಿಸಿಲು ತಿನ್ನುವುದು ರಬ್ಬರನ್ನು ಮತ್ತು ಪ್ಲಾಸ್ಟಿಕ್ಕನ್ನು. ಹೆಡ್‌ಲೈಟಿನ ಗಾಜು ಎಂದು ನಾವು ಕರೆಯುವುದು ಈಗಿನ ಕಾರುಗಳಲ್ಲಿ ಪ್ಲಾಸ್ಟಿಕ್. ಅದು ಹಳದಿಗಟ್ಟಿ ಬೆಳಕು ಚದುರುತ್ತದೆ. ವೈಪರಿನ ರಬ್ಬರು ಗರಿಗರಿಯಾಗಿ ಒಡೆಯುತ್ತದೆ. ಟೈರಿನ ಗುಂಡಿ ಚೆನ್ನಾಗಿದ್ದರೂ ಪಕ್ಕೆಯಲ್ಲಿ ಕೂದಲೆಳೆಯ ಬಿರುಕು. ಕಾರಿನ ಟೈರಿಗೆ ಕಾನೂನು ಕೇಳುವ ಕನಿಷ್ಠ ಗುಂಡಿಯ ಆಳ 1.6 ಮಿಲಿಮೀಟರ್, ಆದರೆ ವಯಸ್ಸನ್ನೂ ನೋಡಬೇಕು. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತದೆ: 2319 ಎಂದರೆ 2019ರ ಇಪ್ಪತ್ತಮೂರನೇ ವಾರ. ಇಷ್ಟಾದರೂ ಮೂರು ಸೀಮೆಯಲ್ಲಿ ಆರಿಸು ಎಂದರೆ ನನ್ನ ಆಯ್ಕೆ ಬಯಲುಸೀಮೆಯ ಕಾರೇ. ರಬ್ಬರು, ದೀಪ ಅಂಗಡಿಯಲ್ಲಿ ಸಿಗುತ್ತವೆ; ಕೊಳೆತ ಚಾಸಿಸ್‌ಗೆ ಮದ್ದಿಲ್ಲ.

ಎಲ್ಲ ಸೀಮೆಗೂ ಸಮನಾದ ಶತ್ರು ನಿಂತೇ ಇರುವುದು. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ವಾರಗಟ್ಟಲೆ ಕದಲದ ಕಾರಿನಲ್ಲಿ ಹ್ಯಾಂಡ್‌ಬ್ರೇಕ್ ಕೇಬಲ್ ಹಿಡಿದುಕೊಳ್ಳುತ್ತದೆ, ಹಿಂದಿನ ವೀಲ್ ಸಿಲಿಂಡರ್ ಒಸರತೊಡಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ದ್ರವ; ಎರಡು ವರ್ಷಕ್ಕೊಮ್ಮೆ ಬದಲಿಸದಿದ್ದರೆ ಒಳಗಿನ ಲೋಹಕ್ಕೇ ತುಕ್ಕು. ಕಡಿಮೆ ಓಡಿದ ಕಾರು ಎಂಬ ಮಾತಿಗೆ ನಾನು ಹೆಚ್ಚು ಬೆಲೆ ಕಟ್ಟದಿರುವುದು ಇದೇ ಕಾರಣಕ್ಕೆ.

ಇದುವರೆಗೆ ಆರ್‌ಟಿಒ ಮೈದಾನದಲ್ಲಿ ಪರೀಕ್ಷೆ ಬಹುಪಾಲು ಕಣ್ಣಿನ, ಕಿವಿಯ ಕೆಲಸ. ಇನ್ನು ಮುಂದೆ ಯಂತ್ರಗಳ ಕಾಲ. ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ರೂಪಿಸಿದೆ. ಅಲ್ಲಿ ಚಕ್ರಗಳನ್ನು ಉರುಳೆಯ ಮೇಲೆ ನಿಲ್ಲಿಸಿ ಒಂದೊಂದು ಚಕ್ರದ ಬ್ರೇಕ್ ಹಿಡಿತವನ್ನು ಅಳೆಯುತ್ತಾರೆ. ಎಡಕ್ಕೆ ಹೆಚ್ಚು ಹಿಡಿದು ಬಲಕ್ಕೆ ಕಡಿಮೆ ಹಿಡಿಯುವ ಕಾರು ನಿಧಾನಕ್ಕೆ ಓಡಿಸಿ ನಿಲ್ಲಿಸಿದಾಗ ಸಿಕ್ಕಿಬೀಳುವುದಿಲ್ಲ; ಯಂತ್ರದ ಮೇಲೆ ತಕ್ಷಣ ಗೊತ್ತಾಗುತ್ತದೆ. ಮಳೆಯ ಹೆದ್ದಾರಿಯಲ್ಲಿ ಅದೇ ಕಾರು ಒಂದು ಬದಿಗೆ ಎಳೆದು ಪ್ರಾಣ ತೆಗೆಯುತ್ತದೆ. ಆದ್ದರಿಂದ ಯಂತ್ರ ಪರೀಕ್ಷೆಯನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ.

ಎಮಿಷನ್ ಟೆಸ್ಟಿನಲ್ಲಿ ಹಳೆ ಪೆಟ್ರೋಲ್ ಕಾರು ಎಷ್ಟು ನಂಬಿಗಸ್ತ ಎಂಬುದು ಅದರ ತಲೆಮಾರಿನ ಮೇಲಿದೆ. ಬಿಎಸ್ 2 (ಭಾರತ್ ಸ್ಟೇಜ್ ಹೊಗೆ ಮಾನದಂಡ)ಕ್ಕಿಂತ ಹಿಂದಿನ ಕಾರ್ಬುರೇಟರ್ ಗಾಡಿಗಳಿಗೆ ಕಾರ್ಬನ್ ಮೊನಾಕ್ಸೈಡ್ ಶೇ 3ರವರೆಗೆ ರಿಯಾಯಿತಿ. ಬಿಎಸ್ 2, ಬಿಎಸ್ 3 ಕಾರುಗಳಿಗೆ ಮಿತಿ ಶೇ 0.5. ಬಿಎಸ್ 4 ಬಂದ ಮೇಲೆ 0.3. ನನ್ನ ಝೆನ್ ಇವುಗಳಲ್ಲಿ ನಡುವಿನದು. ಆರು ತಿಂಗಳಿಗೊಮ್ಮೆ ಟೆಸ್ಟು, ಇಪ್ಪತ್ತು ವರ್ಷದಲ್ಲಿ ಒಂದೇ ಸಲ ಫೇಲಾಗಿದೆ. ಅಂದು ಮನೆಯಿಂದ ಅರ್ಧ ಕಿಲೋಮೀಟರ್ ದೂರದ ಕೇಂದ್ರಕ್ಕೆ ತಣ್ಣಗಿನ ಎಂಜಿನ್‌ನಲ್ಲೇ ಹೋಗಿದ್ದೆ. ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರ್ ಕಾದ ಮೇಲಷ್ಟೇ ಕೆಲಸ ಮಾಡುತ್ತದೆ. ಹದಿನೈದು ಕಿಲೋಮೀಟರ್ ಓಡಿಸಿಕೊಂಡು ಬಂದು ಮತ್ತೆ ನಿಲ್ಲಿಸಿದಾಗ ಪಾಸಾಯಿತು. ಬಿಸಿ ಎಂಜಿನ್‌ನಲ್ಲೂ ಫೇಲಾದರೆ ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಆಕ್ಸಿಜನ್ ಸೆನ್ಸರ್ ಈ ಕ್ರಮದಲ್ಲಿ ನೋಡಿಸಿ.

ಯಾವ ಕಾರು ಸುಲಭವಾಗಿ ಪಾಸಾಗುತ್ತದೆ? ನನ್ನ ತೀರ್ಪು ಸರಳ ಕಾರಿನ ಕಡೆಗೆ. 1983ರ ಡಿಸೆಂಬರ್‌ನಲ್ಲಿ ಮೊದಲ ಕೀಲಿ ಕೈಬದಲಾಗಿ 2014ರ ಜನವರಿಯವರೆಗೆ ತಯಾರಾದ ಮಾರುತಿ 800ರ ಕೊನೆಯ ತಲೆಮಾರು, ಅಂದರೆ ಎಂಪಿಎಫ್‌ಐ ಎಂಜಿನ್ನಿನದು, ಈ ಲೆಕ್ಕದಲ್ಲಿ ಇನ್ನೂ ಉತ್ತಮ ಗಾಡಿ. ಕೆಡುವ ಸಾಮಾನು ಕಡಿಮೆ, ಕೆಟ್ಟದ್ದಕ್ಕೆ ಬದಲಿ ತಾಲೂಕು ಕೇಂದ್ರದ ಅಂಗಡಿಯಲ್ಲೂ ಸಿಗುತ್ತದೆ, ಯಾವ ಮೇಸ್ತ್ರಿಯ ಕೈಯಾದರೂ ಅದಕ್ಕೆ ಪಳಗಿದೆ. ದೊಡ್ಡ ಹೆಸರಿನ ವಿದೇಶಿ ಸೆಡಾನು ಹದಿಮೂರನೇ ವರ್ಷಕ್ಕೆ ಮೂರು ಲಕ್ಷಕ್ಕೆ ಸಿಗುತ್ತದೆಂದು ಕೊಂಡವರು ಹದಿನೈದನೇ ವರ್ಷ ಒಂದು ಬಾಲ್ ಜಾಯಿಂಟಿಗಾಗಿ ತಿಂಗಳು ಕಾಯುವುದನ್ನು ಕಂಡಿದ್ದೇನೆ.

ಒಂದು ಮಾತು ಬಿಚ್ಚಿ ಹೇಳಬೇಕು. ಪಾಸಾಗಿದೆ ಎಂದರೆ ಆರೋಗ್ಯವಾಗಿದೆ ಎಂದಲ್ಲ. ಎಫ್‌ಸಿ ದಿನಕ್ಕೆಂದು ಬೇರೆ ಗಾಡಿಯ ಟೈರು, ಬ್ಯಾಟರಿ ಹಾಕಿ ತಂದು ಸಂಜೆ ಬಿಚ್ಚಿಕೊಡುವ ರೂಢಿ ಇದೆ. ಇದು ತನಗೂ ಎದುರಿಗೆ ಬರುವವನಿಗೂ ಮಾಡುವ ಮೋಸ. ಹಳೆ ಕಾರು ಕೊಳ್ಳುವಾಗ ಎಂ-ಪರಿವಾಹನ್ ಆ್ಯಪಿನಲ್ಲಿ ನೋಂದಣಿ, ವಿಮೆ, ಎಮಿಷನ್ ಅವಧಿ ನೋಡಿ. ಹದಿಮೂರು ವರ್ಷದ ಕಾರಾದರೆ ಎರಡು ವರ್ಷದಲ್ಲಿ ಪರೀಕ್ಷೆ ಬರುತ್ತದೆಂದು ಬೆಲೆಯಲ್ಲಿ ಮುರಿದುಕೊಳ್ಳಿ. ನವೀಕರಣದ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಗಿದೆ; ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ 10,000.

ಶುಲ್ಕ ಏರಿದ್ದಕ್ಕೆ ಹಳೆ ಕಾರಿನವರು ನನ್ನ ಬಳಿ ಅಸಮಾಧಾನ ಹೇಳಿಕೊಳ್ಳುತ್ತಾರೆ. ನನ್ನ ಅಸಮಾಧಾನ ಬೇರೆ. ಇಪ್ಪತ್ತು ತುಂಬಿತೆಂದು ಹೆಚ್ಚು ಹಣ ಕೇಳುವ ವ್ಯವಸ್ಥೆ, ಏಳನೇ ವರ್ಷಕ್ಕೂ ಹತ್ತನೇ ವರ್ಷಕ್ಕೂ ಒಮ್ಮೆ ಗಾಡಿ ತೋರಿಸು ಎಂದು ಕೇಳುವುದೇ ಇಲ್ಲ. ವಯಸ್ಸಿಗೆ ದಂಡ ಹಾಕುವ ಬದಲು ಸ್ಥಿತಿಯನ್ನು ಪರೀಕ್ಷಿಸಲಿ. ಐದು ವರ್ಷ ದಾಟಿದ ಎಲ್ಲ ಕಾರುಗಳಿಗೂ ಸಣ್ಣ ಶುಲ್ಕದ ವಾರ್ಷಿಕ ತಪಾಸಣೆ ಬರಲಿ, ಅದರ ಫಲಿತಾಂಶ ಕೊಳ್ಳುವವರಿಗೆ ಕಾಣುವಂತಿರಲಿ.

ಕಾನೂನು ಬರುವವರೆಗೆ ಕಾಯಬೇಕಿಲ್ಲ. ವರ್ಷಕ್ಕೊಮ್ಮೆ ಕಾರನ್ನು ತೊಳೆದು ಮುಂದೆ ನಿಲ್ಲುವ ದಿನ ನಮಗೆ ಈಗಾಗಲೇ ಇದೆ: ಆಯುಧ ಪೂಜೆ. ಮಳೆಗಾಲ ಮುಗಿದು ಅಡಿಯಲ್ಲಿ ಕೆಸರು ಕಚ್ಚಿ ನಿಂತಿರುವ ಹೊತ್ತೂ ಅದೇ. ಆ ವಾರ ಗ್ಯಾರೇಜಿನಲ್ಲಿ ಕಾರನ್ನು ಮೇಲೆತ್ತಿಸಿ, ಮೇಸ್ತ್ರಿಯ ಪಕ್ಕ ನಿಂತು ಟಾರ್ಚು ಹಿಡಿದು ನೀವೇ ನೋಡಿ. ತಳದ ತೂತುಗಳನ್ನು ಬಿಡಿಸಿ, ಬ್ರೇಕ್ ಪೈಪನ್ನು ಬೆರಳಿನಿಂದ ಸವರಿ, ಚಾಸಿಸ್ ನಂಬರಿಗೆ ಒಂದಿಷ್ಟು ಗ್ರೀಸ್ ಹಚ್ಚಿ, ಕಂಡದ್ದನ್ನು ತಾರೀಕು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನನ್ನ ಝೆನ್ ಎರಡು ಸಲವೂ ಮೊದಲ ದಿನವೇ ಪಾಸಾದದ್ದು ಇಪ್ಪತ್ತು ಪುಟದ ಅಂಥದೊಂದು ನೋಟ್‌ಬುಕ್ಕಿನಿಂದ. ಈ ಸಲ ಚಕ್ರದಡಿ ನಿಂಬೆಹಣ್ಣು ಇಡುವ ಮೊದಲು ಆ ಚಕ್ರದ ಒಳಬದಿಯನ್ನೊಮ್ಮೆ ಬಗ್ಗಿ ನೋಡಿ.