ಒಣಗಬಾರದ ನಾಲಿಗೆ

ಆದೋನಿಯ ಹತ್ತಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ನಮ್ಮ ದೊಡ್ಡಪ್ಪನವರ ಜೇಬಿನಲ್ಲಿ ಸದಾ ಒಂದು ಕರಿಯ ರತ್ನಂ ಪೆನ್ನು. ರಾಜಮಂಡ್ರಿಯಲ್ಲಿ 1932ರಿಂದ ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಕಡ್ಡಿಯನ್ನು ಲೇತಿಗೆ ಹಿಡಿದು ಕಡೆಯುತ್ತ ಬಂದ ಮನೆತನದ ಕೆಲಸ ಅದು. ಹಿಡಿದರೆ ಬೆರಳಿಗೆ ಬೆಚ್ಚಗೆ. ಉಜ್ಜಿದರೆ ಸಣ್ಣಗೆ ಗಂಧಕದ ವಾಸನೆ.

ಈಗ ಅದು ನನ್ನದು. ತಿಂಗಳಿಗೊಮ್ಮೆ ಬರೆದರೂ ಕೈಕೊಡದಿರುವುದು ಅವರು ಕಲಿಸಿದ ಶಿಸ್ತಿನಿಂದ. ನಮ್ಮೂರ ಬಿಸಿಲಿಗೆ ಶಾಯಿಯ ನೀರು ಆರಿ, ಬಣ್ಣ ಮಾತ್ರ ಪೆನ್ನಿನ ಮುಳ್ಳಿನಡಿ ಇರುವ ನಾಲಿಗೆಯ ಗೀರುಗಳಲ್ಲಿ ಕಚ್ಚಿಕೊಳ್ಳುತ್ತದೆ. ಅದಕ್ಕೇ ಪೆನ್ನು ಎತ್ತಿಡುವ ಮುನ್ನ ಶಾಯಿ ತೆಗೆದು, ನೀರು ತಿಳಿಯಾಗುವವರೆಗೆ ತೊಳೆಯುತ್ತಿದ್ದರು. ತಣ್ಣೀರು ಮಾತ್ರ, ಬಿಸಿನೀರಿಗೆ ಎಬೊನೈಟಿನ ಕಪ್ಪು ಮಾಸುತ್ತದೆ. ಆಮೇಲೆ ಹಳೇ ಪಂಚೆಯ ತುಂಡಿನ ಮೇಲೆ ಮುಳ್ಳನ್ನು ಕೆಳಮುಖ ಮಾಡಿ ಇಡುತ್ತಿದ್ದರು. ಒಳಗಡಗಿದ್ದ ಕೊನೆಯ ನೀಲಿ ಬಟ್ಟೆಯಲ್ಲಿ ಮೆಲ್ಲಗೆ ಹೂವಾಗಿ ಅರಳುವುದನ್ನು ನೋಡುವುದೇ ಚೆಂದ.

ಶಾಯಿ ತಳ ಮುಟ್ಟಿದರೆ ಕೈಬಿಸಿಗೆ ಒಳಗಿನ ಗಾಳಿ ಹಿಗ್ಗಿ ಹನಿ ಉದುರುತ್ತದೆ, ಅಷ್ಟರೊಳಗೆ ತುಂಬಿಸುತ್ತಿದ್ದರು. ಜೇಬಿನಲ್ಲಿ ಮುಳ್ಳು ಯಾವಾಗಲೂ ಮೇಲಕ್ಕೆ. ಅವರ ಲೆಕ್ಕದ ಪುಸ್ತಕದಲ್ಲಿ ಒಂದು ಕಲೆಯನ್ನೂ ನಾನು ಕಂಡಿಲ್ಲ.

ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಅಂಥದೊಂದು ಪೆನ್ನು ಒಣಗಿ ಮಲಗಿರಬಹುದು. ಮುಳ್ಳಿನ ಭಾಗವನ್ನಷ್ಟೇ ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಹಾಕಿ ನೋಡಿ. ಬೆಳಿಗ್ಗೆ ಅದು ಮಾತಾಡೀತು.