ಪ್ರೋಬಾಳ ಶಿಲುಬೆ, ವರ್ಜಿಲನ ಓಕ್ ಮರ

1982ರಲ್ಲಿ ಲ್ಯಾಟಿನ್ ಕವಿತೆಗಳ ಸಂಕಲನ ‘ಆಂಥಾಲಜಿಯಾ ಲ್ಯಾಟಿನಾ’ವನ್ನು ಮರುಸಂಪಾದಿಸಿದ ಶ್ಯಾಕಲ್ಟನ್ ಬೇಲಿ ಅದರಲ್ಲಿದ್ದ ಸೆಂಟೋಗಳನ್ನು ಕೈಬಿಟ್ಟರು. ರೋಮನ್ ಕವಿ ವರ್ಜಿಲನ ಸಾಲುಗಳನ್ನೇ ಕಿತ್ತು ಜೋಡಿಸಿದ ಈ ಕಾವ್ಯಗಳು ಸಾಹಿತ್ಯಕ್ಕೆ ಕಳಂಕ, ಮತ್ತೆ ಅಚ್ಚುಹಾಕಿದರೆ ಮಹಾಕವಿಗೆ ಅವಮಾನ ಎಂಬುದು ಅವರು ಕೊಟ್ಟ ಕಾರಣ. ಹೊಸಿಡಿಯಸ್ ಗೇಟಾನ ‘ಮೆಡಿಯಾ’ದಂಥ ಇಡೀ ದುರಂತನಾಟಕವೇ ಹೀಗೆ ಹೊರಗುಳಿಯಿತು. ಪಠ್ಯವನ್ನು ಒದಗಿಸಬೇಕಾದ ಸಂಪಾದಕ ತೀರ್ಪನ್ನೂ ತಾನೇ ಕೊಟ್ಟು ಓದುಗನ ಹಕ್ಕು ಕಸಿದುಕೊಂಡದ್ದು ನನಗೆ ಒಪ್ಪಿಗೆಯಿಲ್ಲ.

ಈ ತಾತ್ಸಾರದಲ್ಲಿ ನಾಲ್ಕನೆಯ ಶತಮಾನದ ಕವಿ ಆಸೋನಿಯಸನ ಪಾಲೂ ಇದೆ. ಚಕ್ರವರ್ತಿ ವ್ಯಾಲೆಂಟಿನಿಯನ್ ಕೇಳಿದನೆಂದು ತರಾತುರಿಯಲ್ಲಿ ಮದುವೆಯ ಸೆಂಟೋ ಕಟ್ಟಿದ ಅವನು, ಇದು ಹೊಗಳುವುದಕ್ಕಲ್ಲ, ನಗುವುದಕ್ಕೆ ಎಂದು ಗೆಳೆಯನಿಗೆ ಬರೆದ. ಒಟ್ಟಿಗೆ ಎರಡು ಪೂರ್ಣ ಸಾಲು ಎತ್ತುವುದು ಒರಟು ಎಂಬ ನಿಯಮವೂ ಆ ಪತ್ರದ್ದೇ. ಅವನ ವಿನೋದಕ್ಕೆ ಸಲ್ಲುವ ಅಳತೆಗೋಲಿನಿಂದಲೇ ವಿಮರ್ಶಕರು ಅದೇ ಶತಮಾನದ ರೋಮನ್ ಕ್ರೈಸ್ತ ಮಹಿಳೆ ಪ್ರೋಬಾಳನ್ನೂ ಅಳೆದರು. ಬೈಬಲಿನ ಸೃಷ್ಟಿಕಥೆಯನ್ನೂ ಕ್ರಿಸ್ತಚರಿತೆಯನ್ನೂ ಹೇಳುವ ಅವಳ ಸೆಂಟೋದ 694 ಸಾಲುಗಳಲ್ಲಿ ಪೀಠಿಕೆ ಬಿಟ್ಟರೆ ಹೆಚ್ಚುಕಡಿಮೆ ಎಲ್ಲವೂ ವರ್ಜಿಲನವು.

ಶಿಲುಬೆಯ ಪ್ರಸಂಗವನ್ನು ನೋಡಿ. ಜನರ ಕೂಗು ಮುಗಿಲು ಮುಟ್ಟುತ್ತದೆ. ರಕ್ತಸಿಕ್ತ ಕೈಗಳು ಪವಿತ್ರ ವಿಗ್ರಹವನ್ನು ಹಿಡಿಯುತ್ತವೆ. ವರ್ಜಿಲನ ‘ಈನಿಡ್’ ಮಹಾಕಾವ್ಯದ ಎರಡನೆಯ ಸರ್ಗದಲ್ಲಿ ಆ ಕೈಗಳು ಟ್ರಾಯ್‌ನ ಪಲಾಡಿಯಂ ಕದ್ದ ಗ್ರೀಕರವು. ಆ ಪಾಪದ ನಂತರ ಗ್ರೀಕರ ಅದೃಷ್ಟ ಇಳಿಮುಖವಾಯಿತೆಂದು ಅಲ್ಲಿ ಗ್ರೀಕರ ಗೂಢಚಾರ ಸಿನೋನ್ ಹೇಳುತ್ತಾನೆ. ಪ್ರೋಬಾ ಅದನ್ನು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ವರ್ಜಿಲನನ್ನು ಬಾಯಿಪಾಠ ಮಾಡಿ ಬೆಳೆದ ಓದುಗನಿಗೆ ಕೊಂದವರ ಗತಿ ಏನೆಂದು ಗೊತ್ತಾಗಿಬಿಡುತ್ತದೆ.

ಮರುಸಾಲಿನಲ್ಲಿ ಕೊಂಬೆಗಳನ್ನೆಲ್ಲ ಕಡಿದ ದೊಡ್ಡ ಓಕ್ ಮರವೊಂದು ನೆಟ್ಟಗೆ ನಿಲ್ಲುತ್ತದೆ. ಇದು ಹನ್ನೊಂದನೆಯ ಸರ್ಗದ ಮೊದಲಲ್ಲಿ ಕಾವ್ಯನಾಯಕ ಈನಿಯಸ್ ನಿಲ್ಲಿಸಿದ ವಿಜಯಸ್ತಂಭ. ದೇವರುಗಳನ್ನು ಧಿಕ್ಕರಿಸಿದ ಮೆಜೆಂಟಿಯಸನ ಆಯುಧ, ಕವಚಗಳು ಅದರ ಮೇಲೆ ತೂಗಿದ್ದವು. ಈಗ ಅದೇ ಮರದ ಮೇಲೆ ದೇವರೇ ಇದ್ದಾನೆ. ಸೋಲಿನ ಕಂಬ ಗೆಲುವಿನ ಕಂಬವೂ ಆಯಿತು. ಶಿಲುಬೆಯನ್ನು ವಿಜಯಚಿಹ್ನೆಯಾಗಿ ಕಂಡ ಆ ಕಾಲದ ಕ್ರೈಸ್ತರಿಗೆ ಇದಕ್ಕೆ ವ್ಯಾಖ್ಯಾನ ಬೇಕಿರಲಿಲ್ಲ. ಕ್ರಿಸ್ತನನ್ನು ಬಿಗಿಯುವ ಸುರುಳಿಗಳು ಲಾವೊಕೊವನ್‌ನನ್ನು ಸುತ್ತಿದ ಹಾವುಗಳವು. ಮರದ ಕುದುರೆಯ ಬಗ್ಗೆ ನಿಜ ನುಡಿದ ಆ ಟ್ರಾಯ್ ಪುರೋಹಿತ ಸಾಯುವಾಗ ಊರಿನವರು ಅದನ್ನು ಪಾಪಕ್ಕೆ ತಕ್ಕ ಶಿಕ್ಷೆಯೆಂದು ತಪ್ಪು ತಿಳಿದಿದ್ದರು. ಶಿಲುಬೆಯ ಕೆಳಗಿನ ಗುಂಪಿನ ತಪ್ಪೂ ಅದೇ ಅಲ್ಲವೇ? ಮೂರೇ ಸಾಲು, ಮೂರು ಹಳೆಯ ಸನ್ನಿವೇಶ, ಪ್ರತಿಯೊಂದೂ ತನ್ನ ಅರ್ಥವನ್ನು ಹೊತ್ತೇ ಬಂದಿದೆ. ಇದನ್ನು ಕೈಚಳಕ ಎನ್ನುವವರು ಸಾಲಿನ ಮೂಲವನ್ನು ಗುರುತಿಸಿ ಅಲ್ಲಿಗೇ ನಿಂತವರು.

ಬೈಬಲನ್ನು ಲ್ಯಾಟಿನ್‌ಗೆ ತಂದ ಜೆರೋಮ್ ಹಾಗೆ ನಿಂತವರಲ್ಲಿ ಒಬ್ಬ. ಪೌಲಿನಸನಿಗೆ ಬರೆದ ಪತ್ರದಲ್ಲಿ ಅವನು ಸೆಂಟೋಗಳನ್ನು ಮಕ್ಕಳಾಟ ಎಂದು ತಳ್ಳಿಹಾಕುತ್ತಾನೆ. ಅಲ್ಲಿ ಮಾದರಿಗೆ ಕೊಟ್ಟ ಸಾಲುಗಳಲ್ಲಿ ಕೆಲವು ಪ್ರೋಬಾಳ ಕಾವ್ಯದಲ್ಲೂ ಇವೆ. ಕ್ರಿಸ್ತನನ್ನು ಅರಿಯದ ವರ್ಜಿಲನನ್ನು ಕ್ರೈಸ್ತನನ್ನಾಗಿಸುವುದು ಸಲ್ಲದೆಂಬ ಅವನ ಆಕ್ಷೇಪ ಧರ್ಮಶಾಸ್ತ್ರದ್ದು, ಕಾವ್ಯದ್ದಲ್ಲ. ತನ್ನ ಬರಹದಲ್ಲಿ ವರ್ಜಿಲನನ್ನು ಮತ್ತೆಮತ್ತೆ ಉದ್ಧರಿಸಿದವನು ಈ ಓದಿನ ಆಳವನ್ನು ಕಾಣಬೇಕಿತ್ತು.

ಕಾವ್ಯದಲ್ಲಿ ಕೊರತೆಯಿಲ್ಲವೆಂದಲ್ಲ. ಬೆಟ್ಟದ ಮೇಲಿನ ಬೋಧನೆ ಬರಬೇಕಾದ ಕಡೆ ಆರನೆಯ ಸರ್ಗದ ನರಕಶಿಕ್ಷೆಗಳು ನುಗ್ಗಿ ಕರುಣೆ ಹಿಂದೆ ಸರಿಯುತ್ತದೆ. ಆದರೂ ವರ್ಜಿಲನನ್ನು ಇಷ್ಟು ಒಳಹೊಕ್ಕು ಓದಿದ ವ್ಯಾಖ್ಯಾನಕಾರರು ಪ್ರಾಚೀನ ರೋಮಿನಲ್ಲಿ ವಿರಳ. ಪ್ರೋಬಾ ಕವಿಯೇ. ‘ಈನಿಡ್’ನ ಎರಡನೆಯ ಮತ್ತು ಹನ್ನೊಂದನೆಯ ಸರ್ಗಗಳನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಅವಳ ಶಿಲುಬೆಯ ಪ್ರಸಂಗವನ್ನು ಓದಿ.